ಕುದುರೆಯೋ ತಟ್ಟುವೋ

ಪ್ರಕರಣ ಚಿಕ್ಕದು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಬರೆದ ಮಕ್ಕಳ ಪುಸ್ತಕವೊಂದು ಫ್ರೆಂಚಿಗೆ ಹೋಗುವುದರಲ್ಲಿತ್ತು. ಕಥಾನಾಯಕಿ ಪಿಪ್ಪಿ, ಒಂಬತ್ತು ವರ್ಷದ ಹುಡುಗಿ. ತಾಯಿ ಇಲ್ಲ, ನಾವಿಕ ತಂದೆ ಬಿರುಗಾಳಿಗೆ ಸಿಕ್ಕಿ ಸಮುದ್ರದಲ್ಲಿ ಕಾಣೆಯಾಗಿದ್ದಾನೆ. ಒಂದು ಕೋತಿ, ಒಂದು ಕುದುರೆ, ಒಂದು ಪೆಟ್ಟಿಗೆ ತುಂಬ ಚಿನ್ನದ ನಾಣ್ಯ ಇಟ್ಟುಕೊಂಡು ಅವಳು ಒಬ್ಬಳೇ ಒಂದು ಹಳೇ ಮನೆಯಲ್ಲಿದ್ದಾಳೆ. ಜಗತ್ತಿನಲ್ಲೇ ಅವಳಷ್ಟು ಗಟ್ಟಿಗರು ಬೇರೆ ಯಾರೂ ಇಲ್ಲ. ಕುದುರೆ ನಿಲ್ಲುವುದು ಜಗಲಿಯ ಮೇಲೆ. ಅಲ್ಲಿ ಕೂತು ಕಾಫಿ ಕುಡಿಯೋಣ ಅನ್ನಿಸಿದರೆ ಪಿಪ್ಪಿ ಕುದುರೆಯನ್ನು ಅನಾಮತ್ತಾಗಿ ಎತ್ತಿ ತೋಟಕ್ಕೆ ಇಳಿಸುತ್ತಾಳೆ.

ಪ್ಯಾರಿಸ್ಸಿನ ಪ್ರಕಾಶಕರಿಗೆ ಈ ಕುದುರೆ ಅಡ್ಡ ಬಂತು. ಯುದ್ಧ ನೋಡಿ ಬಂದಿರುವ ನಮ್ಮ ಮಕ್ಕಳು ಇಷ್ಟನ್ನು ನಂಬುವುದಿಲ್ಲ, ಕುದುರೆಯನ್ನು ತಟ್ಟು ಮಾಡೋಣವೇ ಎಂದು ಕೇಳಿದರು. ತಟ್ಟು ಅಂದರೆ ಗಿಡ್ಡ ಜಾತಿಯ ಕುದುರೆ, ಬೆಟ್ಟದ ದಾರಿಯಲ್ಲಿ ಹೇರು ಹೊರುವಂಥದ್ದು. ಲಿಂಡ್‌ಗ್ರೆನ್ ಆಗಲಿ ಎಂದರು. ಆದರೆ ತಟ್ಟನ್ನು ಎತ್ತಿ ಹಿಡಿದ ಒಬ್ಬ ಫ್ರೆಂಚ್ ಹುಡುಗಿಯ ಫೋಟೊ ತಮಗೆ ಕಳಿಸಿಕೊಡಬೇಕು ಎಂದು ಕೇಳಿದರು. ಫೋಟೊ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. 1951ರಲ್ಲಿ ಪುಸ್ತಕ ಫ್ರಾನ್ಸಿನಲ್ಲಿ ಬಂತು, ಅಲ್ಲಿನ ಮಕ್ಕಳಿಗೆ ಸಿಕ್ಕಿದ್ದು ತಟ್ಟೇ. ಪಿಪ್ಪಿಯ ಮಾತು, ತುಂಟಾಟಗಳೂ ಅಲ್ಲಲ್ಲಿ ಕತ್ತರಿಗೆ ಸಿಕ್ಕಿದವು. ಪೂರ್ತಿ ಪಿಪ್ಪಿಯನ್ನು ಕೊಡುವ ಹೊಸ ಅನುವಾದಕ್ಕೆ 1995ರವರೆಗೆ ಕಾಯಬೇಕಾಯಿತು.

ಈ ಸಂಗತಿಯನ್ನು ಲಿಂಡ್‌ಗ್ರೆನ್ನರ ಚುರುಕುತನಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ನನಗೆ ಇದು ಕಾಡಿದ್ದು ಬೇರೆ ಕಾರಣಕ್ಕೆ. ಆ ಪ್ರಕಾಶಕರು ದುಷ್ಟರಲ್ಲ. ಮಕ್ಕಳ ಮೇಲೆ ಅಕ್ಕರೆ ಇದ್ದವರೇ. ನನಗೂ ಅಂಥದೇ ಅಕ್ಕರೆ ಇದ್ದಾಗ ನಾನೂ ಅವರು ಮಾಡಿದ್ದನ್ನೇ ಮಾಡಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಪಿಪ್ಪಿ ಹುಟ್ಟಿದ ಬಗೆ. 1941ರಲ್ಲಿ ಲಿಂಡ್‌ಗ್ರೆನ್ನರ ಮಗಳು ಕಾರಿನ್ ನ್ಯುಮೋನಿಯಾದಿಂದ ಮಲಗಿದ್ದಳು. ಅಮ್ಮಾ, ಪಿಪ್ಪಿ ಲಾಂಗ್‌ಸ್ಟಾಕಿಂಗ್ ಕತೆ ಹೇಳು ಅಂದಳು. ಆ ಹೆಸರು, ಉದ್ದ ಕಾಲುಚೀಲದ ಪಿಪ್ಪಿ, ಮಗು ಆ ಕ್ಷಣಕ್ಕೆ ಹುಟ್ಟಿಸಿದ್ದು. ವಿಚಿತ್ರ ಹೆಸರಿನವಳು ವಿಚಿತ್ರ ಹುಡುಗಿಯೇ ಆಗಿರಬೇಕಲ್ಲ ಎಂದು ತಾಯಿ ಕತೆ ಹೆಣೆದರು. ಮೂರು ವರ್ಷ ಅದು ಬಾಯಲ್ಲೇ ಇತ್ತು. 1944ರಲ್ಲಿ ಮಂಜಿನ ಮೇಲೆ ಜಾರಿ ಕಾಲು ಉಳುಕಿ ಹಾಸಿಗೆ ಹಿಡಿದಾಗ ಲಿಂಡ್‌ಗ್ರೆನ್ ಅದನ್ನು ಶೀಘ್ರಲಿಪಿಯಲ್ಲಿ ಬರೆದಿಟ್ಟು, ಮೇ ತಿಂಗಳಲ್ಲಿ ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಕೊಟ್ಟರು. ಆ ವರ್ಷಗಳಲ್ಲಿ ಅವರಿಗಿದ್ದ ನೌಕರಿ ಯಾವುದು ಗೊತ್ತೇ? ಸ್ಟಾಕ್‌ಹೋಮಿನ ಅಂಚೆ ತಪಾಸಣೆಯ ಗುಟ್ಟಿನ ಕಚೇರಿಯಲ್ಲಿ ಪರರ ಪತ್ರ ಬಿಚ್ಚಿ ಓದುವುದು. ಯಾವ ಮಾತು ಯಾರಿಗೆ ತಲುಪಬಾರದು ಎಂದು ತೀರ್ಮಾನಿಸುವ ಮೇಜಿನಿಂದ ಎದ್ದು ಬಂದು ಅವರು ಮನೆಯಲ್ಲಿ ಯಾರ ಅಂಕೆಗೂ ಸಿಗದ ಹುಡುಗಿಯ ಕತೆ ಹೇಳುತ್ತಿದ್ದರು.

ಸ್ವೀಡನ್ನಿನ ಬೋನಿಯರ್ ಪ್ರಕಾಶನಕ್ಕೆ ಹಸ್ತಪ್ರತಿ ಕಳಿಸುವಾಗ, ಮಕ್ಕಳ ರಕ್ಷಣಾ ಸಮಿತಿಗೆ ದಯವಿಟ್ಟು ದೂರು ಕೊಡಬೇಡಿ ಎಂಬ ಅರ್ಥದ ಮಾತನ್ನು ಜೊತೆಯ ಪತ್ರದಲ್ಲಿ ಬರೆದರು. ಹಸ್ತಪ್ರತಿ ವಾಪಸು ಬಂತು. 1945ರಲ್ಲಿ ಇನ್ನೊಂದು ಸಣ್ಣ ಪ್ರಕಾಶನ ಏರ್ಪಡಿಸಿದ್ದ ಮಕ್ಕಳ ಪುಸ್ತಕ ಸ್ಪರ್ಧೆಯಲ್ಲಿ, ತಿದ್ದಿ ಬರೆದ ಪಿಪ್ಪಿಗೆ ಮೊದಲ ಬಹುಮಾನ ಬಂತು. ಮಕ್ಕಳು ಮುಗಿಬಿದ್ದು ಓದಿದರು. ಮರುವರ್ಷ ಜಾನ್ ಲಾಂಡ್‌ಕ್ವಿಸ್ಟ್ ಎಂಬ ಪ್ರೊಫೆಸರು ಪತ್ರಿಕೆಯಲ್ಲಿ ಸಿಟ್ಟಿನಿಂದ ಬರೆದರು. ಸಹಜವಾದ ಯಾವ ಮಗುವೂ ಕಾಫಿ ಕೂಟದಲ್ಲಿ ಇಡೀ ಕೇಕನ್ನು ತಿಂದು ಮುಗಿಸುವುದಿಲ್ಲ, ನೆಲಕ್ಕೆ ಚೆಲ್ಲಿದ ಸಕ್ಕರೆಯ ಮೇಲೆ ಬರಿಗಾಲಲ್ಲಿ ನಡೆಯುವುದಿಲ್ಲ ಎಂಬುದು ಅವರ ಆಕ್ಷೇಪದ ಒಂದು ಭಾಗ.

ಪ್ರೊಫೆಸರ ಮಾತು ಅಕ್ಷರಶಃ ನಿಜ. ಆದರೆ ಅದು ಅವರಿಗೆ ಮಾತ್ರ ಗೊತ್ತಿರುವ ನಿಜ ಎಂದು ಅವರು ತಿಳಿದದ್ದೇ ತಪ್ಪು. ಓದುತ್ತಿರುವ ಏಳು ವರ್ಷದ ಹುಡುಗನಿಗೂ ಅದು ಗೊತ್ತು, ಗೊತ್ತಿರುವುದಕ್ಕೇ ನಗುತ್ತಾನೆ. ಅಂಗಿಯ ತೋಳಿಗೆ ಕಾಲು ತೂರಿಸಿಕೊಂಡ ಅಪ್ಪನನ್ನು ನೋಡಿ ಕೈ ತಟ್ಟಿ ನಗುವ ಕೂಸಿಗೆ ಅಂಗಿ ಎಲ್ಲಿಗೆ ಹಾಕುವುದು ಅನ್ನುವುದು ತಿಳಿದಿರುತ್ತದೆ. ತಿಳಿಯದ ಕೂಸು ಸುಮ್ಮನೆ ನೋಡುತ್ತದೆ. ನಗು ಬಂತು ಅಂದರೆ ನಿಯಮ ಒಳಗೆ ಇಳಿದಿದೆ ಎಂದೇ ಅರ್ಥ. ಪಿಪ್ಪಿ ಗುಣಾಕಾರದ ಹೆಸರನ್ನು ಸರಿಯಾಗಿ ಹೇಳಲಾರಳು, ಏನೋ ಒಂದು ವಿಚಿತ್ರ ಪದ ಮಾಡುತ್ತಾಳೆ. ಕನ್ನಡದಲ್ಲಾದರೆ ನಾನು ಅವಳ ಬಾಯಲ್ಲಿ ‘ಗುಳುಂಕಾರ’ ಅನ್ನಿಸುತ್ತೇನೆ. ಮಗ್ಗಿ ಕಲಿಯದ ಮಗುವಿಗೆ ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಕಲಿತ ಮಗುವಿಗೆ, ಅದರಲ್ಲೂ ಹದಿಮೂರರ ಮಗ್ಗಿಯ ಮುಂದೆ ಒದ್ದಾಡಿದ ಮಗುವಿಗೆ, ಲೆಕ್ಕ ತನ್ನನ್ನು ಗುಳುಂ ಎಂದು ನುಂಗಲು ಬಂದ ನೆನಪಿರುತ್ತದೆ.

ಲಿಂಡ್‌ಗ್ರೆನ್ ಈ ತಿಳಿವಳಿಕೆಯ ಮೇಲೆ ಎಷ್ಟು ಭಾರ ಹಾಕುತ್ತಾರೆ ನೋಡಿ. ಮೊದಲ ಅಧ್ಯಾಯದಲ್ಲೇ ಪಿಪ್ಪಿ ಹಿಮ್ಮುಖವಾಗಿ ನಡೆದು ಬರುತ್ತಾಳೆ. ಯಾಕೆ ಅಂತ ಕೇಳಿದರೆ ಈಜಿಪ್ಟಿನಲ್ಲಿ ಎಲ್ಲರೂ ಹೀಗೇ ಅನ್ನುತ್ತಾಳೆ. ಪಕ್ಕದ ಮನೆಯ ಹುಡುಗ ಟಾಮಿ ಅಲ್ಲೇ ಹಿಡಿಯುತ್ತಾನೆ, ನೀನು ಸುಳ್ಳು ಹೇಳುತ್ತಿದ್ದೀಯ ಎಂದು. ಹೌದು, ಸುಳ್ಳು ಎಂದು ಅವಳು ಒಪ್ಪಿಕೊಳ್ಳುತ್ತಾಳೆ. ಸುಳ್ಳನ್ನು ಪತ್ತೆ ಮಾಡುವ ಕೆಲಸವನ್ನು ಪುಸ್ತಕದೊಳಗಿನ ಮಗುವಿಗೇ ಬಿಟ್ಟ ಮೇಲೆ ಹೊರಗಿನಿಂದ ಯಾರೂ ಬಂದು ಕಾವಲು ನಿಲ್ಲಬೇಕಿಲ್ಲ. ಸರ್ಕಸ್ಸಿನ ಅಧ್ಯಾಯದಲ್ಲಿ ಪಿಪ್ಪಿ ಒಬ್ಬ ಪೈಲ್ವಾನನನ್ನು ನೆಲಕ್ಕೆ ಕೆಡವುತ್ತಾಳೆ. ಆತನ ಹೆಸರು ಅಡಾಲ್ಫ್. ಪುಸ್ತಕ ಬಂದದ್ದು 1945ರಲ್ಲಿ, ಯುರೋಪಿನ ಯುದ್ಧ ಮುಗಿದು ಕೆಲವೇ ತಿಂಗಳಿಗೆ. ಲೇಖಕಿ ಇದನ್ನು ವಿವರಿಸಲು ಒಂದು ಪದ ಖರ್ಚು ಮಾಡಿಲ್ಲ. ತಿಳಿದ ಮಗುವಿಗೆ ಎರಡು ನಗು, ತಿಳಿಯದ ಮಗುವಿಗೆ ಒಂದು.

ಶಾಲೆಯ ಪ್ರಸಂಗದಲ್ಲಂತೂ ಪಿಪ್ಪಿ ಟೀಚರಿಗೇ ತಿರುಗುಬಾಣ ಬಿಡುತ್ತಾಳೆ. ಏಳು ಐದು ಎಷ್ಟು ಎಂದು ಕೇಳಿದರೆ, ನಿಮಗೇ ಗೊತ್ತಿಲ್ಲದ್ದನ್ನು ನಾನು ಹೇಳಬೇಕೇ ಅನ್ನುವ ಧಾಟಿ. ಆದರೆ ಆ ಟೀಚರು ಕೆಟ್ಟವಳಲ್ಲ, ಕತೆ ಅವಳನ್ನು ಹೀನಾಯ ಮಾಡುವುದೂ ಇಲ್ಲ. ಹೊರಡುವಾಗ ಪಿಪ್ಪಿ, ತನಗೆ ಶಾಲೆಯಲ್ಲಿ ನಡೆದುಕೊಳ್ಳುವ ರೀತಿ ಗೊತ್ತಿಲ್ಲ ಎಂದು ಒಪ್ಪಿಕೊಂಡು ಅವಳಿಗೆ ಒಂದು ಚಿನ್ನದ ಗಡಿಯಾರ ಕೊಡುತ್ತಾಳೆ. ಟೀಚರನ್ನು ನೋಡಿ ನಕ್ಕ ಮಗುವೇ ಈ ಪುಟದಲ್ಲಿ ಅವಳ ಬಗ್ಗೆ ಮೆತ್ತಗಾಗುತ್ತದೆ. ಎರಡೂ ಒಂದೇ ಮನಸ್ಸಿನಲ್ಲಿ ಹಿಡಿಸುತ್ತವೆ ಎಂದು ನಂಬಿ ಬರೆಯುವವರು ಬೇಕು.

ಈಗ ನನ್ನ ತಪ್ಪಿನ ಕತೆ. ಕೆಲವು ವರ್ಷಗಳ ಹಿಂದೆ ಶಾಲಾ ಮಕ್ಕಳಿಗಾಗಿ ಒಂದು ಕಥಾಸಂಕಲನ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಂದ ಕತೆಗಳಲ್ಲಿ ಒಂದು ಹೀಗಿತ್ತು: ಒಬ್ಬ ಅಜ್ಜಿ ಸಂತೆಗೆ ಹೊರಟಾಗ ಆನೆಯನ್ನು ಎಲೆಯಡಿಕೆ ಸಂಚಿಯಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಾಳೆ. ಕಂಡಕ್ಟರ್ ಕೇಳುತ್ತಾನೆ, “ಸಂಚಿ ಬಲು ಉಬ್ಬಿದೆ, ಏನಿದೆ ಅಜ್ಜಿ ಅದರಲ್ಲಿ?” ಅಜ್ಜಿ ಹೇಳುತ್ತಾಳೆ, “ಎರಡೆಲೆ, ಒಂದಡಿಕೆ, ಒಂದಾನೆ ಕಣಪ್ಪ.” ಬಸ್ಸಿನವರೆಲ್ಲ ನಗುತ್ತಾರೆ. ಅಜ್ಜಿ ಮಾತ್ರ ನಿಜ ಹೇಳಿದ್ದಾಳೆ.

ಕತೆ ನನಗೆ ಹಿಡಿಸಿತು. ಆದರೂ ಕೈ ಸುಮ್ಮನಿರಲಿಲ್ಲ. ಇವತ್ತಿನ ಮಕ್ಕಳು ಟಿವಿ, ಮೊಬೈಲು ನೋಡುವವರು, ಆನೆ ಸಂಚಿಯಲ್ಲಿ ಹಿಡಿಸೀತೇ ಎಂದು ಕೇಳಿಯಾರು ಅನ್ನಿಸಿತು. ಆನೆಯನ್ನು ತೆಗೆದು ಬೆಕ್ಕಿನ ಮರಿ ಮಾಡಿದೆ. ಕೊನೆಗೆ, ನಿಜ ಹೇಳಿದರೂ ಜನ ನಂಬದಿರಬಹುದು, ಆದರೂ ನಿಜವನ್ನೇ ಹೇಳಬೇಕು ಎಂದು ‘ನೀತಿ’ಯ ಒಂದು ಸಾಲನ್ನೂ ಸೇರಿಸಿದೆ. ಬರೆದವರು ಹೊಸಬರು. ತಿದ್ದಿದ ಪ್ರತಿ ಕಳಿಸಿದಾಗ, “ನೀವು ಹೇಳಿದ ಹಾಗೇ ಆಗಲಿ ಸಾರ್” ಅಂದರು. ಆ ವಿನಯವನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಪುಸ್ತಕ ಬಂದ ಮೇಲೆ ಒಂದು ಶಾಲೆಯಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಅದನ್ನು ಓದಿ ಹೇಳಿದೆ. ಬೆಕ್ಕಿನ ಮರಿ ಸಂಚಿಗೆ ಹೋದ ಕೂಡಲೇ ಮುಂದಿನ ಸಾಲಿನ ಹುಡುಗಿಯ ಮುಖ ಸಪ್ಪಗಾಯಿತು. “ಸಾರ್, ಅದಕ್ಕೆ ಉಸಿರು ಕಟ್ಟಲ್ವಾ?” ಎಂದಳು. ಇನ್ನೊಬ್ಬ ಕೇಳಿದ, “ಅಜ್ಜಿ ಸಂಚಿ ದಾರ ಬಿಗಿದು ಕಟ್ಟಿದ್ಳಾ?” ಒಬ್ಬರೂ ನಗಲಿಲ್ಲ. ಬೆಕ್ಕಿನ ಮರಿಯನ್ನು ಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬರುವುದನ್ನು ಅವರು ಊರಲ್ಲಿ ಕಂಡಿದ್ದರು. ನಾನು ಓದುತ್ತಿದ್ದುದು ಅವರಿಗೆ ಒಂದು ಸಂಕಟದ ಕತೆ.

ಪ್ಯಾರಿಸ್ಸಿನ ತಟ್ಟು ನನಗೆ ಅರ್ಥವಾದದ್ದು ಆ ಹೊತ್ತಿನಲ್ಲಿ. ಕುದುರೆ ಎತ್ತುವ ಹುಡುಗಿ ಮಗುವಿಗೆ ಮೊದಲೇ ಕಣ್ಣು ಮಿಟುಕಿಸಿ ಹೇಳಿರುತ್ತಾಳೆ, ಇದು ಆಟ, ಬಾ ಎಂದು. ಅಲ್ಲಿ ಮೋಸ ಇಲ್ಲ. ತಟ್ಟು ಎತ್ತುವ ಹುಡುಗಿ ನಿಜದ ವೇಷ ಹಾಕಿಕೊಂಡು ಬರುತ್ತಾಳೆ. ಒಂದು ಮಗು ಅದನ್ನು ನಂಬಿಬಿಡಬಹುದು, ಇನ್ನೊಂದು ತಾನೂ ಎತ್ತಲು ಹೋಗಬಹುದು. ನಂಬಿಕೆಗೆ ಹತ್ತಿರ ತಂದಷ್ಟೂ ಕತೆ ಸುಳ್ಳಾಗುತ್ತ ಹೋಗುತ್ತದೆ. ಅಜ್ಜಿಯಂದಿರಿಗೆ ಇದು ಗೊತ್ತಿತ್ತು, ರೈಲು ಬಿಟ್ಟರೆ ಊರು ದಾಟಿಸಿಯೇ ಬಿಡುತ್ತಿದ್ದರು. ಪಂಜೆ ಮಂಗೇಶರಾಯರು ಹೇನು ಸತ್ತು ಕಾಗೆ ಬಡವಾದ ಕತೆ ಬರೆದರಲ್ಲ, ಹೇನು ಸತ್ತರೆ ಕಾಗೆಗೆ ಬಡತನ ಹೇಗೆ ಬಂತು ಎಂದು ನಮ್ಮಲ್ಲಿ ಯಾವ ಮಗುವೂ ಕೊಕ್ಕೆ ಹಾಕಲಿಲ್ಲ. ಪಂಜೆಯವರು ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದವರು. ಇಲಾಖೆಯ ಮನುಷ್ಯರಾಗಿಯೂ ಮಕ್ಕಳ ಅಸಂಬದ್ಧದ ರುಚಿಯನ್ನು ಅವರು ಇಷ್ಟು ಗೌರವಿಸಿದರು ಎಂಬುದು ನನಗೆ ಧೈರ್ಯ ಕೊಡುವ ಸಂಗತಿ.

ಹಾಗಾದರೆ ಮಕ್ಕಳ ಪುಸ್ತಕವನ್ನು ಯಾರೂ ಎಂದೂ ಮುಟ್ಟಬಾರದೇ? ಪಿಪ್ಪಿಯ ಕಾಣೆಯಾದ ತಂದೆ ಕತೆಯಲ್ಲಿ ಒಂದು ದ್ವೀಪದ ರಾಜ. ಮೂಲದಲ್ಲಿ ಅವನ ಬಿರುದಿನಲ್ಲಿ ಕಪ್ಪು ಜನರನ್ನು ಕೀಳಾಗಿ ಕರೆಯುವ ಪದವಿತ್ತು. ಲಿಂಡ್‌ಗ್ರೆನ್ ತೀರಿಕೊಂಡದ್ದು 2002ರಲ್ಲಿ. 2015ರ ಸ್ವೀಡಿಷ್ ಆವೃತ್ತಿಯಲ್ಲಿ ಅವನು ದಕ್ಷಿಣ ಸಮುದ್ರದ ರಾಜನಾದ. ಕೆಲವರು ಇದನ್ನೂ ತಟ್ಟಿನ ಸಾಲಿಗೇ ಸೇರಿಸಿ ಬೈದರು. ನನಗೆ ಎರಡೂ ಒಂದೇ ಅನ್ನಿಸುವುದಿಲ್ಲ. ಕುದುರೆ ಹೋದರೆ ನಗು ಹೋಗುತ್ತದೆ, ಯಾಕೆಂದರೆ ನಗು ನಿಂತಿದ್ದೇ ಅದರ ತೂಕದ ಮೇಲೆ. ಆ ಪದ ಹೋದರೆ ಯಾವ ನಗುವೂ ಹೋಗುವುದಿಲ್ಲ, ತಂದೆ ರಾಜನಾಗಿಯೇ ಇರುತ್ತಾನೆ. ಆದರೆ ತರಗತಿಯಲ್ಲಿ ಕೂತ ಕಪ್ಪು ಬಣ್ಣದ ಒಂದು ಮಗು ಇತರರ ನಗುವಿನ ನಡುವೆ ಒಂಟಿಯಾಗುವುದು ತಪ್ಪುತ್ತದೆ. ಮಗುವಿನ ಬುದ್ಧಿಯನ್ನು ಗೌರವಿಸುವುದು ಅಂದರೆ ಓದುವ ಎಲ್ಲ ಮಕ್ಕಳ ಬುದ್ಧಿಯನ್ನೂ, ಆ ಮಗುವಿನದನ್ನೂ. ಇಂಥ ಪದಗಳ ಬಗ್ಗೆ ಪ್ರತಿಸಲ ಹೀಗೆ ಸುಲಭವಾಗಿ ತೀರ್ಮಾನ ಮಾಡಬಹುದು ಎಂದು ನಾನು ಹೇಳಲಾರೆ. ಒಂದೊಂದನ್ನೂ ಕೂತು ತೂಗಬೇಕು.

ನನ್ನ ಪ್ರಕರಣದಲ್ಲಿ ತೂಗುವುದಕ್ಕೆ ಏನೂ ಇರಲಿಲ್ಲ. ಆ ಸಂಜೆಯೇ ಕತೆ ಬರೆದವರಿಗೆ ಫೋನು ಮಾಡಿ, ಆನೆಯನ್ನು ತೆಗೆದದ್ದು ನನ್ನ ತಪ್ಪು ಮೇಡಂ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮಜ್ಜಿ ಹೇಳ್ತಿದ್ದಿದ್ದೂ ಆನೇನೇ ಸಾರ್. ದೊಡ್ಡೋರು ನೀವು, ಎದುರಾಡಬಾರದು ಅಂತ ಸುಮ್ಮನಾದೆ” ಅಂದರು. ನನ್ನ ತಿದ್ದುವ ಪೆನ್ನಿಗೆ ಸಿಕ್ಕಿದ್ದು ಬರೀ ಒಂದು ಪ್ರಾಣಿಯಲ್ಲ, ಒಬ್ಬ ಅಜ್ಜಿಯ ಮಾತು ಎಂದು ಆಗ ಗೊತ್ತಾಯಿತು.

ಮುಂದಿನ ವಾರ ಅದೇ ಶಾಲೆಗೆ ಹೋದೆ. ಪುಸ್ತಕ ಮುಚ್ಚಿಟ್ಟು, ಬೆಕ್ಕಿನ ಕತೆ ತಪ್ಪಾಗಿತ್ತು, ಸರಿಯಾದದ್ದು ಹೇಳುತ್ತೇನೆ ಎಂದು ಆನೆಯ ಕತೆ ಹೇಳಿದೆ. ಆನೆ ಸಂಚಿಗೆ ಇಳಿದಾಗಲೇ ತರಗತಿ ಕುಲುಕಿತು. ಉಸಿರು ಕಟ್ಟುವ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ. ಹೋದ ವಾರ ಸಪ್ಪಗಾಗಿದ್ದ ಹುಡುಗಿ ನಗು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ಗಂಭೀರವಾಗಿ ಕೇಳಿದಳು: “ಆನೇನೂ ಸಂಚಿಯಲ್ಲೇ ಇಟ್ರೆ ಸುಣ್ಣದ ಡಬ್ಬಿ ಎಲ್ಲಿಟ್ಳು ಸಾರ್?”

ನಾನು ಯೋಚಿಸಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ.

“ಆನೆ ಸೊಂಡ್ಲಲ್ಲಿ ಹಿಡ್ಕೊಂಡಿತ್ತು ಕಣೇ. ಇಲ್ಲಾಂದ್ರೆ ಅಜ್ಜಿ ಆನೇನ ಯಾಕೆ ಕರ್ಕೊಂಡು ಹೋಗ್ತಿದ್ಳು?”