ಸೋರುವ ಉಸಿರು

ದೋಷವು ಕಣ್ಣಿಗೆ ಕಾಣದಂತಾದೊಡನೆ ದೋಷವೇ ತೀರಿತೆಂದು ಭಾವಿಸುವುದು ಮನುಷ್ಯನ ಬಹು ಹಳೆಯ ಅಭ್ಯಾಸ. ಸೋರುವ ಮಾಡಿನ ಕೆಳಗೆ ಪಾತ್ರೆಯನ್ನಿಟ್ಟು ನೆಲವು ಒಣಗಿತೆಂದು ಸಮಾಧಾನಪಡುವ ಗೃಹಸ್ಥನೂ, ಕೆಮ್ಮನ್ನು ಅಡಗಿಸಿ ಎದೆಯನ್ನು ಪರೀಕ್ಷಿಸದೆ ಬಿಡುವ ವೈದ್ಯನೂ ಈ ವಿಷಯದಲ್ಲಿ ಒಂದೇ ಮಾರ್ಗದವರು. ಸಾಧಾರಣ ವ್ಯವಹಾರಗಳಲ್ಲಿ ಇದರ ಫಲವು ನಿಧಾನವಾಗಿ ಒದಗುವುದರಿಂದ ಇದರ ತಪ್ಪು ಅಷ್ಟಾಗಿ ತೋರುವುದಿಲ್ಲ. ಆದರೆ ಒಬ್ಬನ ಕೈಗೆಲಸವನ್ನೇ ಮತ್ತೊಬ್ಬನ ಪ್ರಾಣವು ಅವಲಂಬಿಸಿರುವ ಕಡೆಯಲ್ಲಿ ಈ ಪ್ರಶ್ನೆಯು ತನ್ನ ನಿಜರೂಪವನ್ನು ತಾಳುತ್ತದೆ. ಸಮುದ್ರದೊಳಗೆ ಮುಳುಗುವವನು ಬಾಯಿಯಲ್ಲಿ ಕಚ್ಚಿಕೊಂಡು ಉಸಿರಾಡುವ ‘ರೆಗ್ಯುಲೇಟರು’ ಎಂಬ ಚಿಕ್ಕ ಯಂತ್ರವು ಅದಕ್ಕೊಂದು ನಿದರ್ಶನ.

ಮುಳುಗುಗಾರನು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಗಾಳಿಯನ್ನು ಸುಮಾರು ೨೦೦ ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಎಂದರೆ, ನೆಲದ ಮೇಲಿರುವವರು ಉಸಿರಾಡುವ ವಾಯುವಿನ ಒತ್ತಡಕ್ಕೆ ಇನ್ನೂರು ಮಡಿ. ಅದನ್ನು ನೇರವಾಗಿ ಸೇವಿಸಲು ಯಾವ ಶ್ವಾಸಕೋಶಕ್ಕೂ ಸಾಧ್ಯವಿಲ್ಲ. ಆದುದರಿಂದ ಈ ಒತ್ತಡವನ್ನು ಎರಡು ಹಂತಗಳಲ್ಲಿ ಇಳಿಸತಕ್ಕದ್ದು. ಸಿಲಿಂಡರಿನ ಕತ್ತಿನಲ್ಲಿ ಕುಳಿತ ಮೊದಲನೆಯ ಹಂತವು ಅದನ್ನು ಸುತ್ತಣ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್‌ಗಳಷ್ಟು ಮಾತ್ರ ಹೆಚ್ಚಾಗಿರುವಂತೆ ತಗ್ಗಿಸಿ ಕೊಳವೆಯೊಳಕ್ಕೆ ಬಿಡುತ್ತದೆ. ಬಾಯಿಯಲ್ಲಿರುವುದು ಎರಡನೆಯ ಹಂತ. ಉಸಿರನ್ನು ಒಳಗೆಳೆದಾಗ ಅದರ ರಬ್ಬರಿನ ತೆಳುಪೊರೆಯು ಒಳಕ್ಕೆ ಬಾಗಿ, ಒಂದು ಸನ್ನೆಯನ್ನು ಒತ್ತಿ, ಕವಾಟವನ್ನು ತೆರೆಯುತ್ತದೆ. ಉಸಿರೆಳೆಯುವುದು ನಿಂತೊಡನೆ ಸ್ಪ್ರಿಂಗು ಕವಾಟವನ್ನು ಮುಚ್ಚುತ್ತದೆ. ಕೇಳಿದಾಗ ಕೇಳಿದಷ್ಟನ್ನೇ ಕೊಡುವುದು ಇದರ ಧರ್ಮ. ಕೇಳದೆಯೇ ಕೊಡತೊಡಗಿದರೆ ಅದಕ್ಕೆ ಸೋರಿಕೆಯೆಂದು ಹೆಸರು.

ಈ ಯಂತ್ರದ ಚರಿತ್ರೆಯ ಆರಂಭದಲ್ಲಿಯೇ ಸೋರಿಕೆಯ ಕಥೆಯೊಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಮೋಟಾರುಗಳನ್ನು ಅನಿಲದಿಂದ ಓಡಿಸಲು ಫ್ರಾನ್ಸಿನ ಎಂಜಿನಿಯರು ಎಮಿಲ್ ಗಾನ್ಯಾಂ ಒಂದು ಕವಾಟವನ್ನು ಸಿದ್ಧಪಡಿಸಿದ್ದನು. ನೌಕಾದಳದ ಅಧಿಕಾರಿ ಜಾಕ್ ಈವ್ ಕೂಸ್ಟೋ ಅವನೊಡನೆ ಸೇರಿ ಅದನ್ನು ಮುಳುಗುವವರಿಗೆ ಹೊಂದಿಸಿ, ೧೯೪೩ರಲ್ಲಿ ಪ್ಯಾರಿಸಿನ ಸಮೀಪದ ಮಾರ್ನ್ ನದಿಯಲ್ಲಿ ಪರೀಕ್ಷಿಸಿದನು. ಅಡ್ಡಲಾಗಿ ಈಜುವಾಗ ಉಸಿರಾಟವು ಸರಾಗವಾಗಿತ್ತು. ನೆಟ್ಟಗೆ ನಿಂತರೆ ಮಾತ್ರ ಗಾಳಿಯು ವ್ಯರ್ಥವಾಗಿ ಹರಿದುಹೋಗುತ್ತಿತ್ತು. ತಲೆಕೆಳಗಾದರೆ ಉಸಿರೆಳೆಯುವುದೇ ಕಷ್ಟವಾಗುತ್ತಿತ್ತು. ವಿಚಾರ ಮಾಡಿ ನೋಡಲು, ದೋಷವು ಕವಾಟದಲ್ಲಿರಲೇ ಇಲ್ಲ. ಬಿಟ್ಟ ಉಸಿರು ಹೊರಬೀಳುವ ಬಾಯಿಯು, ಮನುಷ್ಯನು ನಿಂತಾಗ, ಗಾಳಿಯನ್ನು ಒದಗಿಸುವ ಭಾಗಕ್ಕಿಂತ ಸುಮಾರು ಆರು ಅಂಗುಲ ಮೇಲಿರುತ್ತಿತ್ತು. ಆ ಆರಂಗುಲದ ನೀರಿನ ಒತ್ತಡದ ವ್ಯತ್ಯಾಸವೇ ಗಾಳಿಯನ್ನು ಹೊರಕ್ಕೆ ನೂಕುತ್ತಿತ್ತು. ಎರಡನ್ನೂ ಒಂದೇ ಸ್ಥಾನಕ್ಕೆ ತಂದೊಡನೆ ಸೋರಿಕೆಯು ನಿಂತಿತು. ಸೋರುತ್ತಿದ್ದ ಸ್ಥಳವೊಂದು, ಸೋರಿಕೆಯ ಕಾರಣವು ಮತ್ತೊಂದು.

ಇಂದಿನ ಯಂತ್ರಗಳಲ್ಲಿಯೂ ಈ ನ್ಯಾಯವು ಬದಲಾಗಿಲ್ಲ. ಬಾಯಿಯ ಹಂತದಿಂದ ಗುಳ್ಳೆಗಳು ಒಂದೇ ಸಮನೆ ಹೊರಡುತ್ತಿದ್ದರೆ ಅಲ್ಲಿಯ ಕವಾಟವೇ ಕೆಟ್ಟಿದೆಯೆಂದು ಯಾರಾದರೂ ಹೇಳಿಯಾರು. ಹಾಗಿರುವುದೂ ಉಂಟು: ಗಾಳಿಯ ದ್ವಾರದ ಹರಿತವಾದ ಅಂಚು ದಿನ ಕಳೆದಂತೆ ತನ್ನ ಎದುರಿನ ಮೆತ್ತನೆಯ ಪೀಠದಲ್ಲಿ ಗೀರು ಮಾಡಬಹುದು, ಉಪ್ಪಿನ ಹರಳು ಸಿಕ್ಕಿಕೊಂಡಿರಬಹುದು, ಸನ್ನೆಯ ಎತ್ತರವು ಹೆಚ್ಚಾಗಿರಬಹುದು. ಆದರೆ ಎಷ್ಟೋ ವೇಳೆ ಬಾಯಿಯ ಹಂತವು ನಿರಪರಾಧಿ. ಮೊದಲನೆಯ ಹಂತದ ಪೀಠವು ಸವೆದು, ತಡೆಯಬೇಕಾದ ಒತ್ತಡವನ್ನು ತಡೆಯಲಾರದೆ, ಕೊಳವೆಯೊಳಗಣ ಒತ್ತಡವು ಮೆಲ್ಲಮೆಲ್ಲನೆ ಏರುತ್ತಿರುತ್ತದೆ. ಏರಿದ ಒತ್ತಡಕ್ಕೆ ಮಣಿದು ಎರಡನೆಯ ಕವಾಟವು ತೆರೆದುಕೊಳ್ಳುತ್ತದೆ. ತಿಳಿದ ಕೆಲಸಗಾರನು ಇದನ್ನು ಊಹೆಯಿಂದ ನಿರ್ಣಯಿಸುವುದಿಲ್ಲ. ಕೊಳವೆಗೆ ಒತ್ತಡಮಾಪಕವನ್ನು ಜೋಡಿಸಿ, ಬಾಯಿಯ ಹಂತದ ಗುಂಡಿಯನ್ನು ಹಲವು ಬಾರಿ ಒತ್ತಿ ಬಿಟ್ಟು, ಮುಳ್ಳನ್ನು ನೋಡುತ್ತಾನೆ. ಇಳಿದ ಮುಳ್ಳು ಮತ್ತೆ ಏರಿ ಒಂದೆಡೆ ಸ್ಥಿರವಾಗಿ ನಿಂತರೆ ಮೊದಲನೆಯ ಹಂತವು ಸರಿಯಾಗಿದೆ. ನಿಲ್ಲದೆ ತೆವಳಿಕೊಂಡು ಮೇಲೇರಿದರೆ ದೋಷದ ಮೂಲವು ಅಲ್ಲಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯು ತನ್ನ ಮೇಲೆ ಬಾರದಿರಲೆಂದೇ ಅವನ ಈ ಜಾಗರೂಕತೆ.

ಧರ್ಮದ ಪ್ರಶ್ನೆಯು ಹುಟ್ಟುವುದು ಇಲ್ಲಿಯೇ. ಮೂಲವನ್ನು ಹುಡುಕದೆಯೂ ಸೋರಿಕೆಯನ್ನು ನಿಲ್ಲಿಸಲು ಒಂದು ಸುಲಭೋಪಾಯವಿದೆ. ಎರಡನೆಯ ಹಂತದ ಸ್ಪ್ರಿಂಗನ್ನು ಇನ್ನಷ್ಟು ಬಿಗಿಮಾಡಿದರೆ ಗುಳ್ಳೆಗಳು ನಿಲ್ಲುತ್ತವೆ. ಯಂತ್ರವು ಮೌನವಾಗುತ್ತದೆ, ಒಡೆಯನು ಸಂತೋಷಪಡುತ್ತಾನೆ, ಕೂಲಿಯೂ ಸಲ್ಲುತ್ತದೆ. ಆದರೆ ಉಸಿರೆಳೆಯುವ ಶ್ರಮವು ಹೆಚ್ಚುತ್ತದೆ. ಬಿಗಿಯಾದ ಪೀಠವು ಮತ್ತಷ್ಟು ಆಳವಾಗಿ ಗೀರುಬೀಳುತ್ತದೆ. ಮೊದಲನೆಯ ಹಂತದ ಕೇಡು ಇದ್ದಲ್ಲಿಯೇ ಇದ್ದು ಬೆಳೆಯುತ್ತದೆ. “ಸೋರಿಕೆಯನ್ನು ನಿಲ್ಲಿಸೆಂದನು, ನಿಲ್ಲಿಸಿದೆನು, ಇದರಲ್ಲಿ ಸುಳ್ಳೇನು?” ಎಂದು ಕೆಲಸಗಾರನು ವಾದಿಸಬಹುದು. ಮಾತಿನ ಮಟ್ಟಿಗೆ ಸುಳ್ಳಿಲ್ಲ. ಆದರೆ ಒಡೆಯನು ಕೇಳಿದ್ದು ಗುಳ್ಳೆಗಳಿಲ್ಲದ ಯಂತ್ರವನ್ನಲ್ಲ, ನಂಬತಕ್ಕ ಯಂತ್ರವನ್ನು. ಕೇಳಿದವನ ಅಜ್ಞಾನವನ್ನು ಆಶ್ರಯಿಸಿ ಅವನ ಮಾತನ್ನು ಮಾತ್ರ ನೆರವೇರಿಸಿ, ಅವನ ಉದ್ದೇಶವನ್ನು ಕೈಬಿಡುವುದು ಸತ್ಯದ ವೇಷ ಹಾಕಿದ ವಂಚನೆ. ಕಾರಣವನ್ನು ಕಂಡುಹಿಡಿಯಲು ಶಕ್ತಿಯಿಲ್ಲದವನು “ಇದು ನನ್ನಿಂದಾಗದು” ಎಂದು ಹಿಂದಿರುಗಿಸಿದರೆ, ಅವನ ಜ್ಞಾನಕ್ಕೆ ಕೊರತೆಯಿರಬಹುದು, ಶೀಲಕ್ಕೆ ಕೊರತೆಯಿಲ್ಲ.

ಹಾಗೆಂದು, ಗುಳ್ಳೆಯನ್ನು ಕಂಡಲ್ಲೆಲ್ಲ ಯಂತ್ರವನ್ನು ಬಿಚ್ಚುವುದೂ ವಿವೇಕವಲ್ಲ. ಬಾಯಿಯಿಂದ ತೆಗೆದ ರೆಗ್ಯುಲೇಟರಿನ ಮುಖವು ನೀರಿನಲ್ಲಿ ಮೇಲಕ್ಕೆ ತಿರುಗಿದಾಗ ಗಾಳಿಯು ಭೋರೆಂದು ನುಗ್ಗುವುದುಂಟು; ಕೆಳಕ್ಕೆ ತಿರುಗಿಸಿದರೆ ಸಾಕು, ನಿಲ್ಲುತ್ತದೆ. ಅದು ದೋಷವಲ್ಲ, ಸ್ವಭಾವ. ಸರಿಯಾಗಿದ್ದುದನ್ನು ಸುಮ್ಮನೆ ಬಿಚ್ಚಿದರೆ, ಮತ್ತೆ ಜೋಡಿಸುವಾಗ ಒಂದು ಉಂಗುರವು ಹೊರಳಿಕೊಂಡು, ಇಲ್ಲದ ಸೋರಿಕೆಯು ಹುಟ್ಟಬಹುದು. ದೋಷವನ್ನು ಮುಚ್ಚುವುದು ಎಷ್ಟು ತಪ್ಪೋ, ಇಲ್ಲದ ದೋಷವನ್ನು ಕಲ್ಪಿಸುವುದೂ ಅಷ್ಟೇ ತಪ್ಪು. ಎರಡರಲ್ಲಿಯೂ ಪರೀಕ್ಷೆಯಿಲ್ಲದ ನಿರ್ಣಯವೇ ಅಪರಾಧ.

ಬಳಸುವವನಿಗೂ ಹೊಣೆಯಿಲ್ಲದಿಲ್ಲ. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯುವುದು, ತೊಳೆಯುವಾಗ ಮೊದಲನೆಯ ಹಂತದ ಬಾಯಿಗೆ ಮುಚ್ಚಳವನ್ನು ಬಿಗಿದಿರುವುದು, ಗಾಳಿಯ ಒತ್ತಡವಿಲ್ಲದಾಗ ಗುಂಡಿಯನ್ನು ಒತ್ತಿ ನೀರನ್ನು ಒಳಗೆ ಬಿಡದಿರುವುದು, ತಯಾರಕರು ಗೊತ್ತುಮಾಡಿದ ಅವಧಿಗೆ ಬಲ್ಲವರಿಂದ ಪೀಠಗಳನ್ನೂ ಉಂಗುರಗಳನ್ನೂ ಬದಲಿಸುವುದು, ಇವು ಸಣ್ಣ ಕೆಲಸಗಳು. ಆದರೆ ೩೦ ಮೀಟರು ಆಳದಲ್ಲಿ ಒತ್ತಡವು ನಾಲ್ಮಡಿಯಾಗಿ, ಒಂದೊಂದು ಉಸಿರಿಗೂ ನಾಲ್ಮಡಿ ಗಾಳಿಯು ವೆಚ್ಚವಾಗುವಾಗ ಯಾವ ಸಣ್ಣ ಅಲಕ್ಷ್ಯವೂ ಸಣ್ಣದಾಗಿ ಉಳಿಯುವುದಿಲ್ಲ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿ ಮೊತ್ತಮೊದಲು ನೀರಿಗಿಳಿಯುವ ತರುಣನನ್ನು ನೆನೆಯಬಹುದು. ತನ್ನ ಬಾಯಿಗಿತ್ತ ಯಂತ್ರವನ್ನು ಯಾರು ತೊಳೆದರು, ಯಾರು ಬಿಚ್ಚಿ ಕೂಡಿಸಿದರು ಎಂಬುದನ್ನು ಅವನು ಅರಿಯನು. ಕಾಣದ ಕೈಯನ್ನು ನಂಬಿ ಅವನು ಮುಳುಗುತ್ತಾನೆ. ಪರೀಕ್ಷಿಸಲಾರದವನ ನಂಬಿಕೆಗಿಂತ ಹೆಚ್ಚಿನ ಸಾಲವು ಯಾವನ ಮೇಲೂ ಇರಲಾರದು.

ಕೊನೆಗೆ ಯಂತ್ರದ ರಚನೆಯಲ್ಲಿಯೇ ಅಡಗಿರುವ ಒಂದು ವಿವೇಕವನ್ನು ಗಮನಿಸಬೇಕು. ಎರಡನೆಯ ಹಂತದ ಕವಾಟವನ್ನು ಗಾಳಿಯು ಹರಿಯುವ ದಿಕ್ಕಿಗೇ ತೆರೆಯುವಂತೆ ಸಾಮಾನ್ಯವಾಗಿ ಇಟ್ಟಿರುತ್ತಾರೆ. ಒತ್ತಡವು ಮಿತಿಮೀರಿದರೆ ಅದು ಮುಚ್ಚಿಕೊಂಡು ಉಸಿರನ್ನು ಕಟ್ಟುವುದಿಲ್ಲ, ತೆರೆದುಕೊಂಡು ಸೋರುತ್ತದೆ. ಸಿಲಿಂಡರು ಬೇಗನೆ ಬರಿದಾಗಬಹುದು, ಆದರೆ ಮೇಲೇರುವಷ್ಟು ಸಮಯಕ್ಕೆ ಗಾಳಿಯು ದೊರೆಯುತ್ತದೆ, ಕೊಳವೆಯ ಮೇಲಣ ಭಾರವೂ ಇಳಿಯುತ್ತದೆ. ಕೆಡುವುದು ತಪ್ಪದಾದರೆ ಎಲ್ಲರಿಗೂ ತಿಳಿಯುವಂತೆ ಕೆಡಬೇಕೆಂಬುದು ಇದನ್ನು ರಚಿಸಿದವರ ಸಂಕಲ್ಪ. ಹೀಗಿರಲು ಆ ಗುಳ್ಳೆಗಳು ಯಂತ್ರದ ಅಪಮಾನವಲ್ಲ, ಅದರ ಪ್ರಾಮಾಣಿಕತೆ. ಸ್ಪ್ರಿಂಗನ್ನು ಬಿಗಿದು ಅವನ್ನು ಅಡಗಿಸುವವನು ಕೆಟ್ಟ ಯಂತ್ರವನ್ನು ಒಳ್ಳೆಯದನ್ನಾಗಿ ಮಾಡುವುದಿಲ್ಲ. ಸತ್ಯವನ್ನಾಡುತ್ತಿದ್ದ ಯಂತ್ರವೊಂದಕ್ಕೆ ಸುಳ್ಳನ್ನು ಕಲಿಸುತ್ತಾನೆ. ತಪ್ಪನ್ನು ತೋರಿಸುವ ಬಾಯನ್ನು ಬಿಗಿಯದೆ, ತಪ್ಪಿನ ನೆಲೆಗೆ ಇಳಿದು ಅಲ್ಲಿ ಕೈಯಿಡುವವನೇ ನಿಜವಾದ ಕೆಲಸಗಾರ. ಮನೆಯ ವಿಷಯದಲ್ಲಿಯೂ ಸಮಾಜದ ವಿಷಯದಲ್ಲಿಯೂ ಈ ಮಾತಿಗೆ ಬೇರೆ ಅರ್ಥವಿಲ್ಲ.