ಎಲ್ಲಿ ತಂಗೋಣ?



ಗಣರಾಜ್ಯೋತ್ಸವದ ರಜೆ ಸೋಮವಾರಕ್ಕೆ ಬಂದಿತೆಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಯ ಮನೆಗಳಲ್ಲಿ ತಿಂಗಳ ಮೊದಲೇ ಒಂದು ಚರ್ಚೆ ಆರಂಭವಾಗುತ್ತದೆ. ಮೂರು ದಿನಗಳ ಬಿಡುವು, ಎಲ್ಲಿಗೆ ಹೋಗೋಣ? ಇತ್ತೀಚಿನ ವರ್ಷಗಳಲ್ಲಿ ಮಕ್ಕಳು ಹೇಳುವ ಹೆಸರುಗಳಲ್ಲಿ ಗಂಡಿಕೋಟ ತಪ್ಪದೆ ಇರುತ್ತದೆ. ಎಲ್ಲಿಗೆ ಎಂಬುದು ಒಂದೇ ಸಂಜೆಯಲ್ಲಿ ಇತ್ಯರ್ಥವಾಗುತ್ತದೆ. ಎಲ್ಲಿ ತಂಗೋಣ ಎಂಬುದು ಮಾತ್ರ ವಾರಗಟ್ಟಲೆ ಎಳೆಯುತ್ತದೆ. ಮೊಬೈಲಿನಲ್ಲಿ ಚಿತ್ರಗಳ ಮೇಲೆ ಚಿತ್ರ, ಬೆಲೆಗಳ ಮೇಲೆ ಬೆಲೆ. ಈ ಎರಡನೆಯ ಪ್ರಶ್ನೆಯನ್ನು ಕುರಿತು ತಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕೆಂದಿದ್ದೇನೆ.

ಗಂಡಿಕೋಟ ಇರುವುದು ಆಂಧ್ರಪ್ರದೇಶದ ಕಡಪ ಜಿಲ್ಲೆಯಲ್ಲಿ, ಜಮ್ಮಲಮಡುಗು ಪಟ್ಟಣದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ. ಬೆಂಗಳೂರಿನಿಂದ ಬಾಗೇಪಲ್ಲಿ, ಕದಿರಿ, ಪುಲಿವೆಂದುಲದ ಮಾರ್ಗವಾಗಿ ಹೋದರೆ ಸುಮಾರು 280 ಕಿಲೋಮೀಟರ್. ಅಲ್ಲಿ ಪೆನ್ನಾ ನದಿ ಕೆಂಪು ಬಂಡೆಗಳನ್ನು ಸುಮಾರು 300 ಅಡಿಗಳಷ್ಟು ಆಳಕ್ಕೆ ಕೊರೆದು ಹರಿಯುತ್ತದೆ. ದಡದ ಮೇಲೆ ಕೋಟೆ. ಕೋಟೆಯೊಳಗೆ ಮಾಧವರಾಯನ ಗುಡಿ, ರಂಗನಾಥನ ಗುಡಿ, ಜಾಮಿಯಾ ಮಸೀದಿ, ಧಾನ್ಯದ ಕಣಜ. 1652ರಲ್ಲಿ ಫ್ರಾನ್ಸಿನ ರತ್ನವ್ಯಾಪಾರಿ ತವೆರ್ನಿಯೆ ಇಲ್ಲಿಗೆ ಬಂದು ಮೀರ್ ಜುಮ್ಲಾನನ್ನು ಕಂಡಿದ್ದ. ರಾಯಲಸೀಮೆಯ ಈ ನೆಲ ಮರುಭೂಮಿಯಲ್ಲ, ಆದರೆ ಮಳೆನೆರಳಿನ ಬರಡು ಸೀಮೆ. ಇದನ್ನು ‘ಭಾರತದ ಗ್ರ್ಯಾಂಡ್ ಕ್ಯಾನ್ಯನ್’ ಎಂದು ಕರೆಯುವ ವಾಡಿಕೆಯಿದೆ. ಅಮೆರಿಕದ ಆ ಕಂದರ ಒಂದು ಮೈಲಿ ಆಳವಾದದ್ದು. ಈ ಹೋಲಿಕೆಯಿಂದ ಎರಡಕ್ಕೂ ಲಾಭವಿಲ್ಲವೆಂದು ನನ್ನ ಭಾವನೆ.

ನಮಗೂ ಈ ಕಣಿವೆಗೂ ಒಂದು ನಂಟಿದೆ. ಪೆನ್ನಾ ಎಂದರೆ ನಮ್ಮ ಉತ್ತರ ಪಿನಾಕಿನಿಯೇ. ಅದು ಹುಟ್ಟುವುದು ನಂದಿ ಬೆಟ್ಟಸಾಲಿನಲ್ಲಿ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯನ್ನು ಹಾದು, ವೈಟ್‌ಫೀಲ್ಡಿನ ಪೂರ್ವದ ಬದಿಯಿಂದ ತಮಿಳುನಾಡಿಗೆ ಹರಿಯುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ಕೊನೆಗೆ ಸೇರುವುದು ಇದನ್ನೇ. ಒಂದೇ ತವರಿನ ಅಕ್ಕತಂಗಿಯರಲ್ಲಿ ಒಬ್ಬಳನ್ನು ನಾವು ನಮ್ಮ ಬಚ್ಚಲ ನೀರಿಗೆ ಒಪ್ಪಿಸಿದ್ದೇವೆ. ಇನ್ನೊಬ್ಬಳ ಚೆಲುವನ್ನು ನೋಡಲು ಆರೇಳು ಗಂಟೆ ಪ್ರಯಾಣ ಮಾಡುತ್ತೇವೆ.

ಇನ್ನು ತಂಗುವ ವಿಚಾರ. ಗಂಡಿಕೋಟದಲ್ಲಿ ಆಯ್ಕೆಗಳು ಬಹಳವಿಲ್ಲ. ಕಣಿವೆಯ ಸಮೀಪದ ಗುಡಾರಗಳಿವೆ. ಆಂಧ್ರಪ್ರದೇಶ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹರಿತಾ ಹೋಟೆಲ್ ಇದೆ. ಇವೆರಡೂ ಬೇಡವೆಂದರೆ ಜಮ್ಮಲಮಡುಗಿನ ಸಾಧಾರಣ ಲಾಡ್ಜುಗಳು. ಹರಿತಾದಲ್ಲಿ ಕೋಣೆ ಸಿಗದ ದಿನ ಉಳಿಯುವುದು ಗುಡಾರ ಅಥವಾ ಲಾಡ್ಜು. ಮಕ್ಕಳಿಗೆ ಗುಡಾರವೇ ಬೇಕು, ಏಕೆಂದರೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಸೂರ್ಯೋದಯ. ಮಂಡಿನೋವಿನ ಅಜ್ಜಿಗೆ ರಾತ್ರಿ ಎರಡು ಬಾರಿ ಏಳಬೇಕು. ಆಕೆಗೆ ಶೌಚಾಲಯ ಕೋಣೆಯೊಳಗೇ ಇರಬೇಕು. ಅಪ್ಪನ ಚಿಂತೆ ಬೆಲೆ. ಅಮ್ಮನ ಚಿಂತೆ, ಕತ್ತಲಲ್ಲಿ ಬೇಲಿಯಿಲ್ಲದ ಬಂಡೆಯ ಅಂಚಿಗೆ ಮಕ್ಕಳು ಓಡಿಬಿಟ್ಟರೆ? ಇವರೆಲ್ಲರ ಮಾತೂ ಚರ್ಚೆಯಲ್ಲಿ ಕೇಳಿಬರುತ್ತದೆ, ಬರಲೂಬೇಕು.

ಆದರೆ ಪ್ರಯಾಣಕ್ಕೆ ಹೊರಟವರಲ್ಲಿ ಇನ್ನೊಬ್ಬರಿದ್ದಾರೆ, ಅವರ ಮಾತು ಕೇಳಿಬರುವುದಿಲ್ಲ. ಟೆಂಪೋ ಟ್ರಾವೆಲರಿನ ಚಾಲಕ. ಆತ ಎಲ್ಲಿ ಮಲಗುತ್ತಾನೆ?

ಇದನ್ನು ನಾನು ಯಾರ ಮೇಲೂ ತಪ್ಪು ಹೊರಿಸುವುದಕ್ಕಾಗಿ ಕೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ವಲಯದ ಮೂರು ಕುಟುಂಬಗಳು ಸೇರಿ ಬೇರೊಂದು ಬೆಟ್ಟದ ಊರಿಗೆ ಹೋಗಿದ್ದೆವು. ವಸತಿಯನ್ನು ಆರಿಸಿದವನು ನಾನೇ. ಕಿಟಕಿಯಿಂದ ಕಾಣುವ ನೋಟ, ಬಿಸಿನೀರು, ಬೆಳಗಿನ ತಿಂಡಿ, ಎಲ್ಲವನ್ನೂ ವಿಚಾರಿಸಿದ್ದೆ. ರಾತ್ರಿ ಹನ್ನೊಂದರ ಸುಮಾರಿಗೆ ಮರೆತ ಔಷಧಿ ತರಲು ವಾಹನದ ಬಳಿ ಹೋದಾಗ, ಚಾಲಕ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿ, ಮಗುವೊಂದರ ಸ್ವೆಟರನ್ನು ತಲೆಗೆ ಇಟ್ಟುಕೊಂಡು ಮಲಗಿದ್ದ. ಹೊರಗೆ ಮಂಜು. ಆ ವಸತಿಗೃಹದಲ್ಲಿ ಚಾಲಕರಿಗೆ ಮಲಗಲು ಜಾಗವಿರಲಿಲ್ಲ. ಶೌಚಕ್ಕೆ ಆತ ಬೆಳಿಗ್ಗೆ ಪೆಟ್ರೋಲ್ ಬಂಕಿಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ನಾನು ಕ್ಷಮೆ ಕೇಳಿದೆನೇ? ಇಲ್ಲ. ಔಷಧಿ ತೆಗೆದುಕೊಂಡು, ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಮೇಲೆ ಬಂದೆ. ಸದ್ದು ಮಾಡದೆ ಇದ್ದುದನ್ನೇ ಸೌಜನ್ಯವೆಂದುಕೊಂಡೆ.

ಮರುದಿನ ರಾತ್ರಿ ಹಿಂತಿರುಗುವಾಗ, ಊರು ಸೇರಲು ಇನ್ನೂ ಎರಡು ಗಂಟೆಯಿರುವಾಗ, ವಾಹನ ಮೆಲ್ಲನೆ ರಸ್ತೆಯ ವಿಭಜಕದ ಕಡೆಗೆ ವಾಲಿತು. ಮುಂದಿನ ಸೀಟಿನಲ್ಲಿದ್ದ ಸ್ನೇಹಿತರೊಬ್ಬರು ಕೂಗಿದರು. ಚಾಲಕ ಬೆಚ್ಚಿ ಸರಿಪಡಿಸಿಕೊಂಡ. ಹಿಂದೆ ಐದು ಮಕ್ಕಳು ನಿದ್ರಿಸುತ್ತಿದ್ದರು. ಏನೂ ಆಗಲಿಲ್ಲ. ವಾಹನದಲ್ಲಿ ಕೆಲವರು ಚಾಲಕನನ್ನು ಗದರಿಸಿದರು. ಆ ನಿದ್ದೆಗೆಟ್ಟ ರಾತ್ರಿಯನ್ನು ಕಾಯ್ದಿರಿಸಿದವನು ನಾನೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ನಾವು ಚಾಲಕನಿಗೆ ಬತ್ತೆ ಕೊಡುತ್ತೇವಲ್ಲ ಎನ್ನಬಹುದು. ಕೊಡುತ್ತೇವೆ. ಪ್ರವಾಸಿ ತಾಣದಲ್ಲಿ ರಜೆಯ ದಿನ ಆ ಹಣಕ್ಕೆ ಎರಡು ಹೊತ್ತಿನ ಊಟ ದೊರೆತೀತು, ಹಾಸಿಗೆ ದೊರೆಯದು. ಆತನೂ ಅದರಲ್ಲಿ ಉಳಿಸಿ ಮನೆಗೆ ಒಯ್ಯಬೇಕೆಂದಿರುತ್ತಾನೆ. ಇನ್ನೊಂದು ಮಾತನ್ನು ತಾವೂ ಕೇಳಿರುತ್ತೀರಿ: ‘ಅವರಿಗೇ ಗಾಡಿಯಲ್ಲಿ ಮಲಗುವುದು ಇಷ್ಟ, ಕಾವಲೂ ಆಗುತ್ತದೆ.’ ರಾತ್ರಿ ಒಂಬತ್ತಕ್ಕೆ ಎಲ್ಲ ಕೋಣೆಗಳೂ ತುಂಬಿದ ಮೇಲೆ ಕೇಳಿದರೆ ಯಾವ ಮನುಷ್ಯನಾದರೂ ಇನ್ನೇನು ಹೇಳಿಯಾನು? ಕಾಯ್ದಿರಿಸುವ ಮೊದಲು ಕೇಳಿದಾಗ ಬರುವ ಉತ್ತರ ಬೇರೆ.

ಇದು ಕೇವಲ ದಯೆಯ ಮಾತೂ ಅಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು, ಕಾರ್ಮಿಕರು ರಾತ್ರಿ ತಂಗಬೇಕಾದ ಸ್ಥಳಗಳಲ್ಲಿ ಅವರಿಗೆ ವಿಶ್ರಾಂತಿ ಕೊಠಡಿಯಿರಬೇಕೆಂದು ಮಾಲೀಕರಿಗೆ ವಿಧಿಸಿತ್ತು. ಒಂದಿಬ್ಬರು ನೌಕರರ ಸಣ್ಣ ಉದ್ಯಮಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ನಾವು ಬಾಡಿಗೆಗೆ ಕರೆಯುವ ವಾಹನಗಳಲ್ಲಿ ಬಹುಪಾಲು ಅಂಥವೇ. 2023ರಲ್ಲಿ ತಮಿಳುನಾಡು ಸರ್ಕಾರ ಕಟ್ಟಡ ನಿಯಮಗಳನ್ನು ತಿದ್ದಿ, ಹೋಟೆಲು ಮತ್ತು ವಸತಿಗೃಹಗಳು ಅತಿಥಿಗಳ ಚಾಲಕರಿಗೆ ಮಲಗುವ ಸ್ಥಳವನ್ನೂ ಶೌಚಾಲಯವನ್ನೂ ಒದಗಿಸಬೇಕೆಂದು ಆಜ್ಞಾಪಿಸಿತು. ಸರ್ಕಾರವೊಂದಕ್ಕೆ ಹೊಳೆದದ್ದು ನನಗೆ ಹೊಳೆಯಲು ಒಂದು ವಿಭಜಕ ಬೇಕಾಯಿತು.

ವಸತಿಯನ್ನು ಆರಿಸುವುದು ಅಭಿರುಚಿಯ ವಿಷಯವೆಂದು ನಾವು ಭಾವಿಸುತ್ತೇವೆ. ಆ ಒಂದು ರಾತ್ರಿಯ ವೆಚ್ಚವನ್ನು ಯಾರು ಯಾರು ಹೊರುತ್ತಾರೆಂಬುದು ಚಿತ್ರಗಳಲ್ಲಿ ಕಾಣದು. ಗಂಡಿಕೋಟದ ಮಟ್ಟಿಗೆ ನೀರಿನ ಮಾತೇ ಇದೆ. ಅಮೆರಿಕದ ಆ ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲೇ 2024ರ ಆಗಸ್ಟ್ ಕೊನೆಯಲ್ಲಿ ಹಳೆಯ ನೀರಿನ ಕೊಳವೆ ಹಲವೆಡೆ ಒಡೆದು, ದಕ್ಷಿಣ ಅಂಚಿನ ಹೋಟೆಲುಗಳಲ್ಲಿ ರಾತ್ರಿ ತಂಗುವುದನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಅದೇ ವರ್ಷದ ಮಾರ್ಚಿಯಲ್ಲಿ ನಮ್ಮ ವೈಟ್‌ಫೀಲ್ಡಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ಕಾದುದನ್ನು ತಾವು ಮರೆತಿರಲಾರಿರಿ. ಬಕೆಟ್ಟು ಎಣಿಸಿ ಸ್ನಾನ ಮಾಡಿದ ನಾವು, ಬರಡು ಸೀಮೆಯಲ್ಲಿ ತಂಗಲು ಹೋದಾಗ ಷವರಿನ ರಭಸಕ್ಕೆ ಅಂಕ ಕೊಡುತ್ತೇವೆ.

ಕಣಿವೆಯ ಬಳಿ ತುಂಬಿ ನಿಂತ ನೀರಿಗೂ ಒಂದು ಕಥೆಯಿದೆ. ಗಂಡಿಕೋಟದ ಸಮೀಪ ಪೆನ್ನಾ ನದಿಗೆ ಜಲಾಶಯ ಕಟ್ಟಲಾಗಿದೆ. 2020ರಲ್ಲಿ ಅದರ ನೀರಿನ ಮಟ್ಟವನ್ನು ಏರಿಸಿದಾಗ ತಾಳ್ಳಪ್ರೊದ್ದುಟೂರಿನ ಜನ ಪ್ರತಿಭಟಿಸುತ್ತಲೇ ಮನೆಮಠ ಬಿಟ್ಟು ಏಳಬೇಕಾಯಿತು. ರೈತರಿಗೆ ನೀರು ಬೇಕೇ ಬೇಕು. ಜಲಾಶಯ ಕಟ್ಟಿದ್ದೇ ತಪ್ಪೆಂದು ನಾನು ಹೇಳಲಾರೆ. ಎಲ್ಲಿ ತಂಗೋಣ ಎಂಬ ನಮ್ಮ ಪ್ರಶ್ನೆಯನ್ನು ಅದೇ ನದಿಯ ದಂಡೆಯಲ್ಲಿ ಆ ಜನರೂ ಕೇಳಿದರು. ಅವರ ಮುಂದೆ ಚಿತ್ರಗಳಿರಲಿಲ್ಲ.

ಇಷ್ಟೆಲ್ಲ ಯೋಚಿಸಿ ರಜೆಗೆ ಹೋಗಬೇಕಾದರೆ ಮನೆಯಲ್ಲೇ ಇರುವುದು ಲೇಸಲ್ಲವೇ ಎಂದು ತಾವು ಕೇಳಬಹುದು. ನನ್ನ ಮನೆಯಲ್ಲೇ ಈ ಆಕ್ಷೇಪಣೆ ಬಂತು. ರಾತ್ರಿಪಾಳಿಯಲ್ಲಿ ಪರದೆಯ ಮುಂದೆ ಕುಳಿತು ಕಣ್ಣು ಕೆಂಪಾಗುವವರಿಗೆ, ಪೀಣ್ಯದ ಯಂತ್ರಗಳ ಸದ್ದು ಭಾನುವಾರವೂ ಕಿವಿಯಲ್ಲಿ ಗುಂಯ್‌ಗುಡುವವರಿಗೆ ವಿಶ್ರಾಂತಿ ಭೋಗವಲ್ಲ. ಮಕ್ಕಳು ನದಿ ಕೊರೆದ ಬಂಡೆಯನ್ನು ಕಣ್ಣಾರೆ ನೋಡಲಿ. ಹೋಗಬಾರದೆಂದು ಹೇಳುವವನು ನಾನಲ್ಲ. ನಮಗೆ ಇಷ್ಟು ಅಗತ್ಯವಾದ ವಿಶ್ರಾಂತಿ, ಇಡೀ ದಿನ ನಮ್ಮನ್ನು ಹೊತ್ತು ಬಂದವನಿಗೂ ಅಗತ್ಯವಲ್ಲವೇ ಎಂಬುದಷ್ಟೇ ನನ್ನ ವಾದ.

ಛತ್ರದಲ್ಲಿ ಸ್ಥಳ ದೊರೆಯದ ರಾತ್ರಿಯನ್ನು ನಾವು ಪ್ರತಿ ಡಿಸೆಂಬರಿನಲ್ಲಿ ಗೋದಲಿ ಕಟ್ಟಿ ನೆನೆಯುತ್ತೇವೆ. ಶುಭಸಂದೇಶದ ಇನ್ನೊಂದು ಛತ್ರ ನಮಗೆ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಸಮಾರಿಯದವನು ಕರೆದೊಯ್ದ ಛತ್ರ ಅದು. ಆತ ಬೇರೊಬ್ಬನಿಗೂ ಹಾಸಿಗೆ ಹುಡುಕಿದ, ಮುಂಗಡ ಕೊಟ್ಟ, ಹೆಚ್ಚಾದರೆ ಹಿಂತಿರುಗುವಾಗ ಕೊಡುವೆನೆಂದ. ಅವನು ಆ ಛತ್ರದ ಕಿಟಕಿಯಿಂದ ಏನು ಕಾಣುತ್ತಿತ್ತೆಂದು ಕೇಳಿದಂತೆ ತೋರುವುದಿಲ್ಲ.

ಕಳೆದ ಜನವರಿಯಲ್ಲಿ ನಾವು ಗಂಡಿಕೋಟಕ್ಕೆ ಹೋದೆವು. ಈ ಬಾರಿ ಚಾಲಕನನ್ನು ಮೊದಲೇ ಕೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಲಗೋಕೆ ಒಂದು ಮಂಚ, ಕಾಲು ಚಾಚೋ ಹಾಗಿದ್ರೆ ಸಾಕು ಸಾರ್, ಬೆಳಿಗ್ಗೆ ಒಂದು ಬಕೆಟ್ ನೀರು’ ಎಂದ. ವಿಚಾರಿಸಿದ ಗುಡಾರದವರಲ್ಲಿ ಒಬ್ಬರೂ ಅದಕ್ಕೆ ಒಪ್ಪಲಿಲ್ಲ. ಜಮ್ಮಲಮಡುಗಿನ ಲಾಡ್ಜಿನವರು ತೆಲುಗು ಬೆರೆತ ಕನ್ನಡದಲ್ಲಿ, ನಾಲ್ಕು ಕೋಣೆಗಳೊಂದಿಗೆ ಮೆಟ್ಟಿಲ ಬಳಿಯ ಸಣ್ಣ ಕೋಣೆಯೊಂದನ್ನೂ ಕೊಡುವುದಾಗಿ ಹೇಳಿದರು. ಅದರ ಬಾಡಿಗೆಯನ್ನು ಮೂರು ಕುಟುಂಬಗಳು ಹಂಚಿಕೊಂಡವು. ತಲೆಗೆ ಬಂದದ್ದು ದಾರಿಯಲ್ಲಿ ಕುಡಿದ ಕಾಫಿಯ ಖರ್ಚಿನಷ್ಟು. ಅಜ್ಜಿಗೂ ಕೋಣೆಯೊಳಗಿನ ಶೌಚಾಲಯ ದೊರೆಯಿತು. ಕಿಟಕಿ ತೆರೆದರೆ ಬಸ್ ನಿಲ್ದಾಣದ ಗೋಡೆ.

ನಷ್ಟವೂ ಆಯಿತು, ಅದನ್ನು ಮುಚ್ಚಿಡಲಾರೆ. ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ, 15 ಕಿಲೋಮೀಟರ್ ಸಾಗಿ, ಕೋಟೆಯೊಳಗೆ ನಡೆದು ಕಣಿವೆಯ ಅಂಚಿಗೆ ಬರುವಷ್ಟರಲ್ಲಿ ಸೂರ್ಯ ಆಳೆತ್ತರಕ್ಕೆ ಏರಿದ್ದ. ಗುಡಾರಗಳವರು ಆಗಲೇ ನೋಡಿ ಮುಗಿಸಿ ಟೀ ಕುಡಿಯುತ್ತಿದ್ದರು. ನನ್ನ ಮಗಳು ಅರ್ಧ ಗಂಟೆ ನನ್ನೊಡನೆ ಮಾತನಾಡಲಿಲ್ಲ. ಚಾಲಕ ನಮ್ಮ ಹಿಂದೆಯೇ ಬಂದು, ಬಂಡೆಯ ಮೇಲೆ ಕುಳಿತು ಕೆಳಗಿನ ನೀರನ್ನು ಬಹಳ ಹೊತ್ತು ನೋಡಿದ. ಇದಕ್ಕೆ ಮೊದಲು ನಾಲ್ಕು ಬಾರಿ ಬಾಡಿಗೆಗೆ ಬಂದಿದ್ದನಂತೆ; ಆಗೆಲ್ಲ ಬೆಳಗಿನ ಹೊತ್ತು ಗಾಡಿಯಲ್ಲಿ ನಿದ್ದೆಹೋಗಿದ್ದನಂತೆ.