ಪರರ ಕೆಲಸವು ಹಗುರವೋ?

ಬಿಸಿಲಲ್ಲಿ ನೇಗಿಲು ಹಿಡಿಯುವವನು, ನೆರಳಲ್ಲಿ ದುಡಿಯುವವನ ಕೆಲಸವು ಹಗುರವೆನ್ನುತ್ತಾನೆ. ಅದು ನ್ಯಾಯವೋ?

1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಅಚ್ಚುಕೂಟವು ಆರಂಭವಾಯಿತು. ಅಲ್ಲಿ ಮೊದಲು ಕಲ್ಲಚ್ಚು, ತರುವಾಯ ಸೀಸದ ಮೊಳೆಗಳು. ಮೊಳೆ ಜೋಡಿಸುವವನು ದಿನವೆಲ್ಲಾ ನಿಂತು, ಖಾನೆಗಳಿಂದ ಒಂದೊಂದೇ ಅಕ್ಷರವನ್ನು ಹೆಕ್ಕಿ, ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾದ ಸಾಲನ್ನು ಕಟ್ಟುತ್ತಿದ್ದನು. ಕನ್ನಡದ ಒತ್ತುಗಳೂ ಗುಣಿತಗಳೂ ಅವನ ಶ್ರಮವನ್ನು ಹೆಚ್ಚಿಸಿದವು. ಪುಟವು ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ತಿರಿಗಿ ಅವುಗಳ ಖಾನೆಗಳಲ್ಲಿ ಹಾಕಬೇಕಾಗಿತ್ತು; ಒಂದು ಮೊಳೆ ತಪ್ಪಾದ ಖಾನೆಗೆ ಬಿದ್ದರೆ ನಾಳಿನ ಸಾಲೂ ಕೆಡುವದು. 1894ರಲ್ಲಿ ಹೊರಟ ಕಿಟ್ಟೆಲ್ ಅಯ್ಯನವರ ನಿಘಂಟಿನಲ್ಲಿ 1,700ಕ್ಕೆ ಮಿಕ್ಕಿದ ಪುಟಗಳಿವೆ. ಅದರ ಮುಖಪತ್ರದಲ್ಲಿ ಅಯ್ಯನವರ ಹೆಸರಿದೆ, ಮೊಳೆ ಜೋಡಿಸಿದವರ ಹೆಸರಿಲ್ಲ.

ನಾವಾದರೋ ಒಂದು ಅಕ್ಷರದೋಷವನ್ನು ಕಂಡ ಕೂಡಲೇ, ಇವನು ಸೋಮಾರಿ ಎನ್ನುತ್ತೇವೆ. ತಪ್ಪು ಮಾತ್ರ ಕಣ್ಣಿಗೆ ಬೀಳುತ್ತದೆ. ಸರಿಯಾಗಿ ನಿಂತ ಸಾವಿರ ಅಕ್ಷರಗಳನ್ನು ಯಾರೂ ಎಣಿಸುವದಿಲ್ಲ. ಪೇಟೆಯವನು ಅನ್ನದಲ್ಲಿ ಕಲ್ಲು ಸಿಕ್ಕಿದಾಗ ಒಕ್ಕಲಿಗನನ್ನು ಬೈಯುವದೂ ಹೀಗೆಯೇ. ಆ ಬೈಗಳು ನಮ್ಮನ್ನು ನೋಯಿಸುವದಲ್ಲವೇ?

ಹಾಗಾದರೆ ತಪ್ಪನ್ನು ತಪ್ಪೆನ್ನಬಾರದೋ? ಅನ್ನಬಹುದು, ತಿದ್ದಲೂಬೇಕು. ಆದರೆ ತಪ್ಪನ್ನು ತಿದ್ದುವದು ಬೇರೆ, ಮನುಷ್ಯನನ್ನು ಹೀನೈಸುವದು ಬೇರೆ. ಒಂದೇ ಶರೀರದ ಅಂಗಗಳ ವಿಷಯವಾಗಿ ಪೌಲನು ಕೊರಿಂಥದವರಿಗೆ ಬರೆದದ್ದನ್ನು ನೆನಸೋಣ. ಕಣ್ಣಿಗೆ ಕೈಯ ನೋವು ಕಾಣದು. ಆದರೂ ಕೈಯಿಲ್ಲದೆ ಕಣ್ಣು ಬಾಳದು.

ಆದದರಿಂದ ನೆರೆಯವನ ಕೆಲಸವನ್ನು ತೂಗುವದಕ್ಕೆ ಮುಂಚೆ, ಅಣ್ಣಾ, ಇದರಲ್ಲಿ ಕಷ್ಟವಾದದ್ದು ಯಾವದು ಎಂದು ಅವನನ್ನೇ ಕೇಳೋಣ. ಕೇಳಿದ ಬಳಿಕ ನಮ್ಮ ನಾಲಿಗೆ ತಾನಾಗಿ ಮೃದುವಾಗುವದು.